ಚೌಕದೊಳಗಿನ ಕರಾವಳಿ: ಮಲ್ಪೆ ಪರಿಸರದ ಜ್ಯಾಮಿತೀಯ ರೂಪಗಳು ಮತ್ತು ಮಧ್ಯಮ ಗಾತ್ರದ ಫಿಲ್ಮ್ ಛಾಯಾಗ್ರಹಣ

ಕರ್ನಾಟಕದ ಛಾಯಾಗ್ರಹಣ ಚರಿತ್ರೆಯು ಬಹುಮಟ್ಟಿಗೆ ಮನುಷ್ಯಮುಖಗಳ ಚರಿತ್ರೆಯಾಗಿದೆ. ಅರಮನೆಯ ಭಾವಚಿತ್ರಗಳು, ಮಿಷನರಿಗಳು ತೆಗೆಸಿದ ಸಮೂಹಚಿತ್ರಗಳು, ಪಟ್ಟಣಗಳ ಸ್ಟುಡಿಯೋಗಳಲ್ಲಿ ಸಿದ್ಧವಾದ ಮದುವೆಯ ಆಲ್ಬಮ್‌ಗಳು, ಪತ್ರಿಕಾ ಛಾಯಾಚಿತ್ರಗಳು ಅದರ ಮುಖ್ಯ ಆಕರಗಳು. ಸಾಮಾನ್ಯ ಜನರ ದೈನಂದಿನ ಬದುಕನ್ನು ದಾಖಲಿಸಿದ ಟಿ.ಎಸ್. ಸತ್ಯನ್ (1923–2009) ಈ ಧಾರೆಯ ಬಹು ಎತ್ತರದ ಹೆಸರು. ಮನುಷ್ಯರಿಲ್ಲದ, ಕಥೆಯಿಲ್ಲದ, ಕೇವಲ ರೇಖೆ, ಕೋನ, ನೆರಳು ಹಾಗೂ ಪುನರಾವರ್ತನೆಗಳಿಂದ ರೂಪುಗೊಂಡ ಚಿತ್ರಗಳಿಗೆ ಈ ಚರಿತ್ರೆಯಲ್ಲಿ ಸ್ಥಾನ ದೊರೆತದ್ದು ವಿರಳ. ಜಾನಪದ ದಾಖಲೀಕರಣವೂ ಇವುಗಳನ್ನು ತನ್ನ ಆಕರವೆಂದು ಪರಿಗಣಿಸಿಲ್ಲ. ಕಲಾವಿಮರ್ಶೆಗೆ ಇವು ಛಾಯಾಚಿತ್ರಗಳಷ್ಟೇ. ಜಾನಪದಕ್ಕೆ ಇವು ವಿಷಯವಿಲ್ಲದ ಚಿತ್ರಗಳು.

ಉಡುಪಿ ಜಿಲ್ಲೆಯ ಮಲ್ಪೆ ಹಾಗೂ ಅದರ ಸುತ್ತಲಿನ ಪರಿಸರ ಈ ಪ್ರಶ್ನೆಯನ್ನು ಮರುಪರಿಶೀಲಿಸಲು ತಕ್ಕ ಕ್ಷೇತ್ರ. ಪ್ರಕೃತಿ ನಿರ್ಮಿಸಿದ ಬಹುಭುಜ ಕಂಬಗಳು, ಮೀನುಗಾರರ ಬಲೆಗಳು, ಹೆಂಚಿನ ಮಾಡುಗಳು, ನಾಗಮಂಡಲದ ಬಂಧಗಳು ಒಂದೇ ಸೀಮೆಯಲ್ಲಿ ದೊರೆಯುತ್ತವೆ. ಇಂತಹ ರೂಪಗಳನ್ನು ಸಂದರ್ಭದಿಂದ ಬಿಡಿಸಿ ಚೌಕದೊಳಗೆ ಹಿಡಿಯುವ ಛಾಯಾಗ್ರಹಣವು ಏನನ್ನು ಉಳಿಸುತ್ತದೆ, ಏನನ್ನು ಕಳೆಯುತ್ತದೆ ಎಂಬುದು ಪ್ರಸ್ತುತ ಲೇಖನದ ಜಿಜ್ಞಾಸೆ. ಅಮೂರ್ತ ಚಿತ್ರದ ಮುದ್ರಿತ ಪ್ರತಿ ತನ್ನ ಊರನ್ನು ಮರೆಮಾಡಬಹುದು. ಆದರೆ ಅದರ ನೆಗೆಟಿವ್ ಊರನ್ನು ಪೂರ್ತಿಯಾಗಿ ಮರೆಯುವುದಿಲ್ಲ ಎಂಬುದು ಇಲ್ಲಿ ಮಂಡಿಸುವ ವಾದ.

1. ಕ್ಯಾಮೆರಾದ ಹಿನ್ನೆಲೆ

ಮಧ್ಯಮ ಗಾತ್ರದ ಛಾಯಾಗ್ರಹಣಕ್ಕೆ ಆಧಾರವಾದ 120 ಸಂಖ್ಯೆಯ ರೋಲ್ ಫಿಲ್ಮನ್ನು ಕೊಡಾಕ್ ಸಂಸ್ಥೆ 1901ರಲ್ಲಿ ಬಳಕೆಗೆ ತಂದಿತು. ಸುಮಾರು ಆರು ಸೆಂಟಿಮೀಟರ್ ಅಗಲದ ಈ ಫಿಲ್ಮಿನ ಬೆನ್ನಿಗೆ ಬೆಳಕು ತಡೆಯುವ ಕಾಗದವಿರುತ್ತದೆ. ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆ 1929ರಲ್ಲಿ ಹೊರತಂದ ರೋಲಿಫ್ಲೆಕ್ಸ್, ಜೋಡಿ ಮಸೂರದ ಕ್ಯಾಮೆರಾಗಳಿಗೆ ಮಾದರಿಯಾಯಿತು. ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ 1948ರಲ್ಲಿ ಏಕಮಸೂರದ ಚೌಕ ಕ್ಯಾಮೆರಾವನ್ನು ಪರಿಚಯಿಸಿತು. ಭಾರತದಲ್ಲಿ ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3 ಮಧ್ಯಮವರ್ಗದ ಮನೆಗಳಿಗೂ ಚೌಕ ಚಿತ್ರವನ್ನು ತಂದರೆ, ಜಪಾನಿನ ಯಾಶಿಕಾ ಕ್ಯಾಮೆರಾಗಳು ಸ್ಟುಡಿಯೋಗಳ ದುಡಿಮೆಯ ಸಾಧನಗಳಾದವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಗೊಂಡು 1967ರಲ್ಲಿ ಉತ್ಪಾದನೆ ಆರಂಭಿಸಿದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯ 'ಇಂದು' ಕಪ್ಪುಬಿಳುಪು ಫಿಲ್ಮು ದಕ್ಷಿಣ ಭಾರತದ ಛಾಯಾಗ್ರಾಹಕರಿಗೆ ಚಿರಪರಿಚಿತವಾಗಿತ್ತು. ಬಣ್ಣದ ಫಿಲ್ಮಿನ ಪೈಪೋಟಿಯಲ್ಲಿ ಕುಗ್ಗಿದ ಆ ಸಂಸ್ಥೆ 1996ರಲ್ಲಿ ರೋಗಗ್ರಸ್ತ ಉದ್ಯಮವೆಂದು ಘೋಷಿತವಾಗಿ ಕಾಲಕ್ರಮದಲ್ಲಿ ಮುಚ್ಚಿತು.

ಈ ಕ್ಯಾಮೆರಾದ ರಚನೆಯೇ ಅದರ ನೋಟವನ್ನು ನಿರ್ಧರಿಸುತ್ತದೆ. ಚೌಕ ನೆಗೆಟಿವ್‌ನ ನಿಜವಾದ ಅಳತೆ ಸುಮಾರು 56×56 ಮಿ.ಮೀ. ಸಾಮಾನ್ಯ 35 ಮಿ.ಮೀ. ಕ್ಯಾಮೆರಾದ 24×36 ಮಿ.ಮೀ. ನೆಗೆಟಿವ್‌ಗೆ ಹೋಲಿಸಿದರೆ ಇದರ ವಿಸ್ತೀರ್ಣ ಮೂರೂವರೆ ಪಟ್ಟಿಗೂ ಹೆಚ್ಚು. ಆದುದರಿಂದ ಕಲ್ಲಿನ ಒರಟು, ನೂಲಿನ ಹುರಿ, ಹೆಂಚಿನ ಮೇಲಣ ಪಾಚಿ ಮೊದಲಾದ ಸೂಕ್ಷ್ಮ ವಿವರಗಳು ದೊಡ್ಡ ಮುದ್ರಣದಲ್ಲಿಯೂ ಸ್ಪಷ್ಟವಾಗಿ ಉಳಿಯುತ್ತವೆ. ಛಾಯಾಗ್ರಾಹಕ ಕ್ಯಾಮೆರಾವನ್ನು ಎದೆಮಟ್ಟದಲ್ಲಿ ಹಿಡಿದು, ತಲೆತಗ್ಗಿಸಿ ಮಸುಕು ಗಾಜಿನ ಮೇಲೆ ಮೂಡುವ ಬಿಂಬವನ್ನು ನೋಡುತ್ತಾನೆ. ಅಲ್ಲಿ ಎಡಬಲಗಳು ಅದಲುಬದಲಾಗಿರುತ್ತವೆ. ಹೀಗಾಗಿ ಎದುರಿಗಿರುವ ವಸ್ತು ಕ್ಷಣಕಾಲ ಅಪರಿಚಿತವಾಗಿ, ಸಮತಲದ ಮೇಲಣ ವಿನ್ಯಾಸವಾಗಿ ತೋರುತ್ತದೆ. ಅಡ್ಡ ಅಥವಾ ಉದ್ದ ಎಂಬ ಆಯ್ಕೆಯೇ ಇಲ್ಲದ ಚೌಕವು ಸಮತೂಕವನ್ನೂ ಸಮಮಿತಿಯನ್ನೂ ತಾನಾಗಿ ಬೇಡುತ್ತದೆ. ಒಂದು ರೋಲಿಗೆ ಹನ್ನೆರಡೇ ಚಿತ್ರಗಳೆಂಬ ಮಿತಿಯು ಆಯ್ಕೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

2. ಅಮೂರ್ತತೆಯ ಎರಡು ದಾರಿಗಳು

ಪಾಶ್ಚಾತ್ಯ ಛಾಯಾಗ್ರಹಣದಲ್ಲಿ ಜ್ಯಾಮಿತೀಯ ಅಮೂರ್ತತೆಯು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಕಾಣಿಸಿಕೊಂಡಿತು. ಪಾಲ್ ಸ್ಟ್ರಾಂಡ್ 1916ರಲ್ಲಿ ಜಗಲಿಯ ನೆರಳುಗಳನ್ನೂ ಬಟ್ಟಲುಗಳನ್ನೂ ಕೇವಲ ಆಕಾರಗಳನ್ನಾಗಿ ಚಿತ್ರಿಸಿದನು. ಆಲ್ವಿನ್ ಲ್ಯಾಂಗ್‌ಡನ್ ಕೋಬರ್ನ್ 1917ರಲ್ಲಿ ಕನ್ನಡಿಗಳ ನೆರವಿನಿಂದ ವಸ್ತುವನ್ನೇ ಒಡೆದು ತೋರಿಸಿದನು. ಲ ಕಾರ್ಬುಸಿಯೇನ ಕಟ್ಟಡಗಳನ್ನು ರೋಲಿಫ್ಲೆಕ್ಸ್‌ನಿಂದ ಚಿತ್ರಿಸಿದ ಲೂಸಿಯಾಂ ಎರ್ವೆ ಚಂಡೀಗಢದ ಗೋಡೆ, ನೆರಳುಗಳಿಗೂ ಇದೇ ದೃಷ್ಟಿಯನ್ನು ತಂದನು. ಮುದ್ರಿತ ಪ್ರತಿಗಳನ್ನು ಕತ್ತರಿಯಿಂದ ಕತ್ತರಿಸಿ ಅನವಶ್ಯಕವೆನಿಸಿದ್ದನ್ನು ತೆಗೆದುಹಾಕುವುದು ಅವನ ಪದ್ಧತಿಯಾಗಿತ್ತು.

ಭಾರತೀಯ ಸಂದರ್ಭದಲ್ಲಿ ಬರೋಡದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕರಾಗಿದ್ದ ಇಬ್ಬರ ಕೆಲಸ ಹೋಲಿಕೆಗೆ ಅರ್ಹವಾಗಿದೆ. ನಸ್ರೀನ್ ಮೊಹಮದಿ (1937–1990) ಮರಳಿನ ಗೆರೆಗಳು, ಮಗ್ಗದ ನೂಲುಗಳು, ಕಟ್ಟಡದ ಅಂಚುಗಳನ್ನು ಊರು ಕಾಲಗಳ ಗುರುತಿಲ್ಲದಂತೆ ಸೆರೆಹಿಡಿದರು. ಈ ಛಾಯಾಚಿತ್ರಗಳನ್ನು ಅವರು ತಮ್ಮ ಜೀವಿತಕಾಲದಲ್ಲಿ ಪ್ರದರ್ಶಿಸಲಿಲ್ಲ. ಮಹಾರಾಷ್ಟ್ರದ ಕರಾವಳಿಯ ಕಿಹೀಮ್‌ನಲ್ಲಿ ಅವರು ನಿಧನರಾದರು. 1934ರಲ್ಲಿ ಜನಿಸಿದ ಜ್ಯೋತಿ ಭಟ್ 1960ರ ದಶಕದ ಉತ್ತರಾರ್ಧದಿಂದ ಗುಜರಾತ್ ಮತ್ತಿತರ ಪ್ರದೇಶಗಳ ಗೋಡೆಚಿತ್ರ, ರಂಗೋಲಿಗಳನ್ನು ಅವುಗಳನ್ನು ಬರೆದ ಕೈಗಳ ಸಮೇತ, ಮನೆಯಂಗಳದ ಸಮೇತ ಚಿತ್ರಿಸಿದರು. ಮೊದಲನೆಯದು ರೂಪವನ್ನು ಬದುಕಿನಿಂದ ಬಿಡಿಸಿಕೊಂಡ ದಾರಿ. ಎರಡನೆಯದು ರೂಪವನ್ನು ಬದುಕಿನೊಳಗೇ ಇರಿಸಿದ ದಾರಿ. ಮಲ್ಪೆಯ ರೂಪಗಳು ಈ ಎರಡೂ ದಾರಿಗಳನ್ನು ಏಕಕಾಲದಲ್ಲಿ ಪರೀಕ್ಷೆಗೊಡ್ಡುತ್ತವೆ.

3. ತೋನ್ಸೆಪಾರಿನ ಕಲ್ಲುಕಂಬಗಳು

ಮಲ್ಪೆಯ ಕಡಲತೀರದಾಚೆಗಿನ ಸೇಂಟ್ ಮೇರಿಸ್ ದ್ವೀಪಸಮೂಹದ ಕಲ್ಲುಕಂಬಗಳು ಛಾಯಾಗ್ರಾಹಕರನ್ನು ಬಹುಕಾಲದಿಂದ ಸೆಳೆದಿವೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಈ ಹೆಸರನ್ನಿಟ್ಟನೆಂಬ ಪ್ರತೀತಿ ಇದೆ. ಸ್ಥಳೀಯರಲ್ಲಿ ಬಳಕೆಯಲ್ಲಿರುವ ಹೆಸರು ತೋನ್ಸೆಪಾರ್. ಅದು ಮಲ್ಪೆಯ ಉತ್ತರದ ತೋನ್ಸೆ ಸೀಮೆಯೊಡನೆ ದ್ವೀಪವನ್ನು ಬೆಸೆಯುತ್ತದೆ. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲಘಟ್ಟದಲ್ಲಿ ಹೊರಚಿಮ್ಮಿದ ಲಾವಾರಸ ತಣಿದು ಕುಗ್ಗುವಾಗ ಬಿರುಕುಬಿಟ್ಟು ಈ ಕಂಬಗಳು ರೂಪುಗೊಂಡವು. ಲೋಕರೂಢಿಯಲ್ಲಿ ಇವನ್ನು ಬಸಾಲ್ಟ್ ಎನ್ನಲಾಗುತ್ತದೆಯಾದರೂ ರಾಸಾಯನಿಕವಾಗಿ ಇವು ಹೆಚ್ಚು ಸಿಲಿಕಾಂಶವುಳ್ಳ ಡೇಸೈಟ್, ರಯೋಲೈಟ್ ವರ್ಗದ ಶಿಲೆಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಒಂದೇ ಕಂಬಸಾಲು ಮೂರು ಬಗೆಯಲ್ಲಿ ಚಿತ್ರವಾಗುವುದನ್ನು ಇಲ್ಲಿ ಗಮನಿಸಬಹುದು. ಭೂವಿಜ್ಞಾನಿಯು ಕಲ್ಲಿನ ಪಕ್ಕದಲ್ಲಿ ಸುತ್ತಿಗೆಯನ್ನಿಟ್ಟು ಚಿತ್ರ ತೆಗೆಯುತ್ತಾನೆ. ಗಾತ್ರ ತಿಳಿಯುವುದು ಅವನಿಗೆ ಮುಖ್ಯ. ಪ್ರವಾಸಿಯು ಕಂಬದ ಮೇಲೆ ತನ್ನವರನ್ನು ನಿಲ್ಲಿಸುತ್ತಾನೆ. ಅಮೂರ್ತ ಛಾಯಾಗ್ರಾಹಕ ಮಾತ್ರ ಸುತ್ತಿಗೆಯನ್ನೂ ಮನುಷ್ಯರನ್ನೂ ದಿಗಂತವನ್ನೂ ಹೊರಗಿಟ್ಟು ಐದು, ಆರು, ಏಳು ಭುಜಗಳ ತುದಿಗಳನ್ನಷ್ಟೇ ಉಳಿಸಿಕೊಳ್ಳುತ್ತಾನೆ. ಆಗ ಆಳೆತ್ತರವನ್ನು ಮೀರಿದ ಕಂಬಸಾಲು ಜೇನುಗೂಡಿನಷ್ಟು ಚಿಕ್ಕದಾಗಿಯೂ ತೋರಬಹುದು. ಇಂತಹ ಚಿತ್ರವನ್ನು ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯ ಚಿತ್ರದಿಂದ ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಆದರೂ ಗಮನವಿಟ್ಟು ನೋಡಿದರೆ ಕಲ್ಲಿಗಂಟಿದ ಚಿಪ್ಪುಗಳ ಮಟ್ಟ, ಅಲೆಯುಬ್ಬರದ ತೇವದ ಗೆರೆ, ನೆರಳಿನ ಓರೆಗಳು ಆ ಚಿತ್ರದೊಳಗೆ ಉಳಿದೇ ಇರುತ್ತವೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಗಳ ಸಂಚಾರ ನಿಲ್ಲುವುದರಿಂದ ಈ ಚಿತ್ರಗಳ ಬೆಳಕು ಬಹುಪಾಲು ಮಳೆಗಾಲದಾಚೆಯ ಬೆಳಕೇ ಆಗಿರುತ್ತದೆ.

4. ಬಲೆ ಮತ್ತು ಹೆಂಚು

ಕಲ್ಲಿನ ಜ್ಯಾಮಿತಿ ಪ್ರಕೃತಿಯದಾದರೆ ಬಲೆಯ ಜ್ಯಾಮಿತಿ ದುಡಿಮೆಯದು. ಬಲೆಯ ಒಂದೊಂದು ಸಂದನ್ನು ಜನಪದರು 'ಕಣ್ಣು' ಎನ್ನುತ್ತಾರೆ. ಕಣ್ಣಿನ ಅಳತೆಯೇ ಯಾವ ಮೀನು ಸಿಕ್ಕಬೇಕು, ಯಾವುದು ಪಾರಾಗಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಒಣಗಲು ಹರಡಿದ ಬಲೆಯ ಚಿತ್ರ ಕಲಾಪ್ರದರ್ಶನದಲ್ಲಿ ವಜ್ರಾಕೃತಿಗಳ ಪುನರಾವರ್ತನೆಯಷ್ಟೇ. ಮೊಗವೀರರ ಬದುಕನ್ನು ಬಲ್ಲವರಿಗೆ ಅದು ಹತ್ತಿಯ ನೂಲೋ ನೈಲಾನೋ, ಕಣ್ಣು ಕಿರಿದೋ ಹಿರಿದೋ, ಗಂಟು ಕೈಯದೋ ಯಂತ್ರದ್ದೋ ಎಂಬ ಮಾಹಿತಿ. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯು 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ದೋಣಿಗಳು ಬಂದ ಬಳಿಕ ಹಿಂದೆ ಸರಿಯಿತು. ಬಲೆಯೊಡನೆ ಅದನ್ನು ಎಳೆಯುತ್ತಿದ್ದ ಕೂಟಗಳೂ ಪಾಲುಹಂಚಿಕೆಯ ಕ್ರಮಗಳೂ ಸಡಿಲಗೊಂಡವು. ಹೀಗಿರುವಾಗ ಮನುಷ್ಯರಿಲ್ಲವೆಂಬ ಕಾರಣಕ್ಕೆ ಬದಿಗೆ ಸರಿದ ಬಲೆಯ ಚಿತ್ರವೊಂದು ಈ ಪಲ್ಲಟಕ್ಕೆ ಸಾಕ್ಷಿಯಾಗಬಲ್ಲದು. ನೂಲಿನ ಹುರಿಯನ್ನು ಎಣಿಸಬಹುದಾದಷ್ಟು ಸ್ಪಷ್ಟತೆಯನ್ನು ದೊಡ್ಡ ನೆಗೆಟಿವ್ ಒದಗಿಸುತ್ತದೆ ಎಂಬುದೇ ಅದರ ದಾಖಲೆಮೌಲ್ಯ.

ಹೆಂಚಿನ ಮಾಡಿನ ನಿದರ್ಶನ ಇನ್ನೊಂದು ಬಗೆಯದು. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಮುಂದೆ ಮಲ್ಪೆಗೂ ವಿಸ್ತರಿಸಿತು. ಹುಲ್ಲು, ಮಡಲುಗಳ ಮಾಡುಗಳ ಸ್ಥಾನದಲ್ಲಿ ಒಂದೇ ಅಚ್ಚಿನ ಹೆಂಚುಗಳ ಸಾಲುಗಳು ಬಂದದ್ದು ಕರಾವಳಿಯ ವಸತಿ ಚರಿತ್ರೆಯ ಬಹುದೊಡ್ಡ ಬದಲಾವಣೆ. ಮೇಲಿನಿಂದ ತೆಗೆದ ಮಾಡಿನ ಚಿತ್ರ ಬೆಳಕುನೆರಳುಗಳ ಏಣುಗಳನ್ನು ತೋರುತ್ತದೆ. ಕಾರ್ಖಾನೆಯ ಹೆಸರು ಒತ್ತಿರುವುದು ಹೆಂಚಿನ ಒಳಮೈಯಲ್ಲಿ. ಅದು ಕಾಣುವುದು ಮನೆಯೊಳಗೆ ನಿಂತು ತಲೆಯೆತ್ತಿದವರಿಗೆ. ಹೊರಗಿನ ಜ್ಯಾಮಿತಿಯನ್ನು ಮಾತ್ರ ಹಿಡಿದ ಚಿತ್ರಕ್ಕೆ ಒಳಗಿನ ಹೆಸರನ್ನು ಸೇರಿಸಬೇಕಾದದ್ದು ಟಿಪ್ಪಣಿಯ ಕೆಲಸ. ಕಾರ್ಕಳದಲ್ಲಿ ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ನಾಲ್ಕು ದಿಕ್ಕುಗಳಿಗೂ ಒಂದೇ ಮುಖವಿರುವ ಆ ಕಟ್ಟಡದ ಕಂಬಸಾಲನ್ನು ಚೌಕದಲ್ಲಿ ಹಿಡಿದರೆ, ಯಾವ ದಿಕ್ಕಿನ ಚಿತ್ರವೆಂಬುದನ್ನು ನೆರಳು ಮಾತ್ರ ಸೂಚಿಸಬಲ್ಲದು.

5. ನಾಗಮಂಡಲ: ಅಳಿಯಲೆಂದೇ ಬರೆದ ಜ್ಯಾಮಿತಿ

ಜ್ಯಾಮಿತೀಯ ಛಾಯಾಗ್ರಹಣಕ್ಕೆ ನಿಜವಾದ ಸವಾಲನ್ನು ಒಡ್ಡುವುದು ನಾಗಮಂಡಲ. ವೈದ್ಯರು ನೆಲದ ಮೇಲೆ ಪಂಚವರ್ಣದ ಹುಡಿಗಳಿಂದ ಬರೆಯುವ ಈ ಮಂಡಲದಲ್ಲಿ ಸರ್ಪದೇಹಗಳು ಹೆಣೆದುಕೊಂಡು ಗಂಟುಗಳಾಗುತ್ತವೆ. ಪವಿತ್ರವೆನ್ನುವ ಈ ಗಂಟುಗಳ ಸಂಖ್ಯೆ ನಾಲ್ಕು, ಎಂಟು ಅಥವಾ ಹದಿನಾರು ಆಗಿ, ಆಚರಣೆಯ ಪ್ರಮಾಣವನ್ನು ಸೂಚಿಸುತ್ತದೆ. ಬಿಳಿ, ಕೆಂಪು, ಹಳದಿ, ಹಸಿರು, ಕಪ್ಪು ಬಣ್ಣಗಳಿಗೆ ಇಲ್ಲಿ ಅಲಂಕಾರವನ್ನು ಮೀರಿದ ಸ್ಥಾನವಿದೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಕೆಂಪೂ ಹಸಿರೂ ಒಂದೇ ಬಗೆಯ ಬೂದುಬಣ್ಣವಾಗಿ ಮೂಡಬಹುದು. ಮಸೂರಕ್ಕೆ ಹಾಕಿದ ಫಿಲ್ಟರಿನ ಬಣ್ಣ ಬದಲಾದರೆ ಯಾವುದು ತಿಳಿ, ಯಾವುದು ಗಾಢ ಎಂಬುದೂ ಬದಲಾಗುತ್ತದೆ. ಆದುದರಿಂದ ಗಂಟುಗಳ ಎಣಿಕೆ ಉಳಿದರೂ ವರ್ಣವ್ಯವಸ್ಥೆ ಅಳಿಯುತ್ತದೆ.

ಇದಕ್ಕಿಂತ ಮುಖ್ಯವಾದುದು ಕಾಲದ ಪ್ರಶ್ನೆ. ನಾಗಪಾತ್ರಿ ಮತ್ತು ವೈದ್ಯರ ರಾತ್ರಿಯ ನರ್ತನದ ಬಳಿಕ ಮಂಡಲವನ್ನು ಅಳಿಸಿ ಅದರ ಹುಡಿಯನ್ನು ಪ್ರಸಾದವಾಗಿ ಹಂಚಲಾಗುತ್ತದೆ. ಅಳಿಯುವುದು ಈ ರೂಪಕ್ಕೆ ಬಂದ ಕೇಡಲ್ಲ, ಅದರ ಪೂರ್ಣತೆ. ಛಾಯಾಚಿತ್ರವು ನರ್ತನಕ್ಕೆ ಮುಂಚಿನ ನಿಶ್ಚಲ ಕ್ಷಣವನ್ನು ಮಾತ್ರ ಶಾಶ್ವತಗೊಳಿಸಿದರೆ, ಆಚರಣೆಯು ಬಿಟ್ಟುಕೊಟ್ಟದ್ದನ್ನು ತಾನು ಹಿಡಿದಿಟ್ಟುಕೊಂಡಂತಾಗುತ್ತದೆ. ಮಂಡಲ ಬರೆಯುವ ಹಂತಗಳು, ಪೂರ್ಣಗೊಂಡ ರೂಪ, ಅಳಿದ ನೆಲ ಈ ಮೂರೂ ಒಂದೇ ರೋಲಿನಲ್ಲಿ ದೊರೆತಾಗ ಮಾತ್ರ ಆ ಜ್ಯಾಮಿತಿಯ ಜೀವನಕ್ರಮ ಸಂಶೋಧಕರಿಗೆ ತಿಳಿಯುತ್ತದೆ.

6. ನೆಗೆಟಿವ್ ಎಂಬ ಆಕರ

ಮೇಲಿನ ನಿದರ್ಶನಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಅಮೂರ್ತಗೊಳಿಸುವ ಕ್ರಿಯೆ ನಡೆಯುವುದು ಚೌಕಟ್ಟಿನ ಆಯ್ಕೆಯಲ್ಲಿ ಮತ್ತು ಮುದ್ರಣದ ಕತ್ತರಿಯಲ್ಲಿ. ನೆಗೆಟಿವ್‌ನ ಪಟ್ಟಿಯಾದರೋ ಅಂಚಿನಲ್ಲಿ ತಯಾರಕರ ಹೆಸರನ್ನೂ ಚಿತ್ರಸಂಖ್ಯೆಯನ್ನೂ ಹೊತ್ತಿರುತ್ತದೆ. ಬಲೆಯ ವಜ್ರಾಕೃತಿಯ ಹಿಂದಿನ ಚಿತ್ರದಲ್ಲಿ ಬಲೆ ಹರಡುವವರು ಇರಬಹುದು; ಮುಂದಿನದರಲ್ಲಿ ದೋಣಿಯ ನೋಂದಣಿ ಸಂಖ್ಯೆ ಕಾಣಬಹುದು. ಕಲಾವಿದ ಕಳೆದ ಸಂದರ್ಭವನ್ನು ರೋಲಿನ ಕ್ರಮ ಹೀಗೆ ಮರಳಿಸುತ್ತದೆ.

ಈ ಆಕರಗಳು ಅಪಾಯದಲ್ಲಿವೆ ಎಂಬುದು ಗಂಭೀರ ಸಂಗತಿ. ಕರಾವಳಿಯ ತೇವಾಂಶದಲ್ಲಿ ಫಿಲ್ಮಿನ ಜೆಲಟಿನ್ ಪದರ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆಗಳಿಗೆ ಅಂಟಿಕೊಳ್ಳುತ್ತದೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋಗಳ ಹಳೆಯ ನೆಗೆಟಿವ್‌ಗಳು ಅನುಪಯುಕ್ತ ಹೊರೆಯೆನಿಸಿದವು. ಉಳಿಸಿಕೊಳ್ಳುವವರೂ ಮೊದಲು ಆಯ್ದುಕೊಳ್ಳುವುದು ಗಣ್ಯರ ಮುಖಗಳನ್ನು. ಮುಖಗಳಿಲ್ಲದ ಚಿತ್ರ ಮೊದಲು ತ್ಯಾಜ್ಯವಾಗುತ್ತದೆ. ಸಂಗ್ರಹಾಲಯಗಳು ಆಯ್ದ ಚಿತ್ರಗಳನ್ನಷ್ಟೇ ಸ್ಕ್ಯಾನ್ ಮಾಡಿಸಿ ಮೂಲಪಟ್ಟಿಯನ್ನು ಕೈಬಿಟ್ಟರೆ ನಷ್ಟ ಇಮ್ಮಡಿಯಾಗುತ್ತದೆ.

ಆದುದರಿಂದ ಇಂತಹ ಸಂಗ್ರಹಗಳಲ್ಲಿ ಮೂರು ಕ್ರಮಗಳು ಅಗತ್ಯ. ಮೊದಲನೆಯದಾಗಿ, ರೋಲನ್ನು ಬಿಡಿಬಿಡಿಯಾಗಿಸದೆ ಅನುಕ್ರಮದಲ್ಲಿಯೇ, ಅಂಚುಗಳ ಸಮೇತ ಪ್ರತಿಮಾಡಬೇಕು. ಎರಡನೆಯದಾಗಿ, 'ಅಮೂರ್ತ ರಚನೆ' ಎಂಬ ಶೀರ್ಷಿಕೆಯೊಡನೆ ವಸ್ತುವಿನ ಸ್ಥಳೀಯ ಹೆಸರನ್ನೂ ದಾಖಲಿಸಬೇಕು. ಸೇಂಟ್ ಮೇರಿಸ್ ಎಂದು ಬರೆದೆಡೆ ತೋನ್ಸೆಪಾರ್ ಎಂದೂ ಇರಬೇಕು. ಮೂರನೆಯದಾಗಿ, ಬಲೆ ಹೆಣೆಯುವವರು, ಹೆಂಚು ಹೊದೆಸುವವರು, ಮಂಡಲ ಬರೆಯುವವರು ಇರುವಾಗಲೇ ಅವರಿಗೆ ಈ ಚಿತ್ರಗಳನ್ನು ತೋರಿಸಿ ಅವರ ಓದನ್ನು ಬರೆದುಕೊಳ್ಳಬೇಕು. ಕಲಾಸಕ್ತರು ಆಕೃತಿಯನ್ನು ಕಾಣುವಲ್ಲಿ ಅವರು ಕೆಲಸವನ್ನು ಕಾಣುತ್ತಾರೆ. ಆ ಓದು ದೊರೆಯುವ ಅವಧಿಯು ನೆಗೆಟಿವ್‌ನ ಆಯುಷ್ಯಕ್ಕಿಂತಲೂ ಕಿರಿದಾಗಿರುವುದರಿಂದ, ಮೂರನೆಯ ಕಾರ್ಯವನ್ನೇ ಮೊದಲು ಕೈಗೊಳ್ಳುವುದು ಉಚಿತ.