ಸೊಳ್ಳೆಯ ರುಚಿ, ಮನುಷ್ಯನ ಚರಿತ್ರೆ

ತಾನೇ ದೇವರೆಂದು ಮೆರೆದ ನಮ್ರೂದ್ ದೊರೆಯ ಮೂಗಿನೊಳಗೆ ಸೊಳ್ಳೆಯೊಂದು ಹೊಕ್ಕು ಅವನ ಸೊಕ್ಕಡಗಿಸಿದ ಕತೆಯನ್ನು ನಾವೆಲ್ಲ ಹಿರಿಯರ ಬಾಯಿಂದ ಕೇಳಿದ್ದೇವೆ. ಸೊಳ್ಳೆಗೆ ದೊರೆ, ದಾಸ ಎಂಬ ಭೇದವಿಲ್ಲ ಎಂಬುದು ಆ ಕತೆಯ ಪಾಠ. ಅದು ನಿಜ. ಆದರೆ ಸೊಳ್ಳೆಗೆ ಬೇರೊಂದು ಭೇದವಿದೆ. ದನ, ಹಕ್ಕಿ, ಮನುಷ್ಯ ಮೂವರೂ ಹತ್ತಿರವಿದ್ದರೆ ಎಲ್ಲ ಜಾತಿಯ ಸೊಳ್ಳೆಗಳೂ ಒಂದೇ ಕಡೆಗೆ ಹಾರುವುದಿಲ್ಲ. ಮೊಟ್ಟೆಗಾಗಿ ರಕ್ತ ಹುಡುಕುವ ಹೆಣ್ಣು ಸೊಳ್ಳೆಗೆ ತನ್ನದೇ ಆಯ್ಕೆ ಇದೆ.

ಒಂದು ಸೊಳ್ಳೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯದೆ ಎರಡು ವರ್ಷ ಕಳೆದವನು ಅಲ್ಮೋರಾದಲ್ಲಿ ಹುಟ್ಟಿದ ವೈದ್ಯ ರೊನಾಲ್ಡ್ ರಾಸ್. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗಲೇ, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆಂಬುದನ್ನು ಅವನು ಕಂಡುಕೊಂಡಿದ್ದ. 1895ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾ ರೋಗಿಗಳನ್ನು ಸೊಳ್ಳೆಗಳಿಂದ ಕಚ್ಚಿಸಿ, ಅವುಗಳ ಹೊಟ್ಟೆ ಸೀಳಿ ನೋಡತೊಡಗಿದ. ಬೂದುಬಣ್ಣದವು, ಪಟ್ಟೆಯವು ಎಲ್ಲವನ್ನೂ ಸೀಳಿದರೂ ಏನೂ ಸಿಗಲಿಲ್ಲ. ಅವು ಮನುಷ್ಯನ ಮಲೇರಿಯಾವನ್ನು ಹೊರುವ ಸೊಳ್ಳೆಗಳೇ ಆಗಿರಲಿಲ್ಲ. 1897ರ ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಸೊಳ್ಳೆಗಳು ಅವನ ಕೈಗೆ ಬಂದವು. ಹುಸೇನ್ ಖಾನ್ ಎಂಬ ರೋಗಿ ಅವುಗಳಿಗೆ ಮೈಯೊಡ್ಡಿದ. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಅವನಿಗೆ ಸಿಕ್ಕಿದ್ದು ಎಂಟಾಣೆ. ಆಗಸ್ಟ್ 20ರಂದು ಅಂಥ ಸೊಳ್ಳೆಯೊಂದರ ಹೊಟ್ಟೆಯಲ್ಲಿ ರೋಗಾಣು ಕಂಡಿತು. 1902ರಲ್ಲಿ ರಾಸ್‌ಗೆ ನೊಬೆಲ್ ಪ್ರಶಸ್ತಿ ಬಂತು.

1898ರಲ್ಲಿ ರಾಸ್ ಕಲ್ಕತ್ತೆಗೆ ಬಂದಾಗ ಅಲ್ಲಿ ಪ್ಲೇಗಿನ ಚುಚ್ಚುಮದ್ದಿನ ಗಾಬರಿ. ಸೂಜಿಗೆ ಬೆರಳೊಡ್ಡಲು ಜನ ಹೆದರುತ್ತಿದ್ದರು. ಅವನು ಹಕ್ಕಿಗಳತ್ತ ತಿರುಗಿದ. ಮಹಮ್ಮದ್ ಬಕ್ಷ್ ಎಂಬ ಸಹಾಯಕ ಅವನ ಜೊತೆಗಿದ್ದ. ಸಿಕಂದರಾಬಾದಿನಲ್ಲಿ ನಿರಾಶೆ ತಂದಿದ್ದ ಬೂದು ಸೊಳ್ಳೆಯೇ ಇಲ್ಲಿ ಗುಬ್ಬಿಯಿಂದ ಗುಬ್ಬಿಗೆ ಹಕ್ಕಿಗಳ ಮಲೇರಿಯಾವನ್ನು ದಾಟಿಸುವುದು ಆ ಜುಲೈನಲ್ಲಿ ಸಾಬೀತಾಯಿತು.

ಆ ಬೂದು ಸೊಳ್ಳೆ ನಮಗೆ ಚಿರಪರಿಚಿತ. ಕ್ಯೂಲೆಕ್ಸ್ ಎಂದು ಅದರ ಹೆಸರು. ನಗರದ ಕೊಳಚೆ ಚರಂಡಿಯೇ ಅದರ ತವರು. ರಾತ್ರಿ ಮಲಗಿದ ಮನುಷ್ಯ, ಗೂಡಿನ ಕೋಳಿ, ಬೀದಿಯ ನಾಯಿ ಯಾವುದೂ ಅದಕ್ಕೆ ವರ್ಜ್ಯವಲ್ಲ. ಹತ್ತಿರ ಯಾರಿದ್ದಾರೆ ಎಂಬುದರ ಮೇಲೆ ಅದರ ಊಟ ಊರಿಂದೂರಿಗೆ ಬದಲಾಗುತ್ತದೆ. ಆನೆಕಾಲು ರೋಗವನ್ನು ಹರಡುವುದೂ ಇದೇ. ಬಾವಿ, ಮಾಳಿಗೆಯ ತೊಟ್ಟಿಗಳಲ್ಲಿ ಬೆಳೆದು ನಗರಕ್ಕೆ ಮಲೇರಿಯಾ ತರುವ ಅನಾಫಿಲಿಸ್ ಸ್ಟೀಫೆನ್ಸಿ ಮನುಷ್ಯನನ್ನೂ ಕಚ್ಚುತ್ತದೆ, ಕೊಟ್ಟಿಗೆಯ ದನವನ್ನೂ ಕಚ್ಚುತ್ತದೆ.

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಹಾಗಲ್ಲ. ಮನುಷ್ಯನ ರಕ್ತವೆಂದರೆ ಅದಕ್ಕೆ ಪ್ರಾಣ. ಆದರೆ ಅದರ ಪೂರ್ವಿಕರು ಆಫ್ರಿಕಾದ ಕಾಡುಗಳಲ್ಲಿ ಮರದ ಪೊಟರೆಯ ನೀರಿನಲ್ಲಿ ಹುಟ್ಟಿ, ಪ್ರಾಣಿಗಳ ರಕ್ತ ಹೀರುತ್ತಿದ್ದವು. ಅದು ನಮ್ಮ ಬೆನ್ನು ಹತ್ತಿದ್ದು ಹೇಗೆ? ಆಫ್ರಿಕಾದ 27 ಕಡೆಗಳ ಸೊಳ್ಳೆಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಬೇಸಿಗೆ ದೀರ್ಘವೂ ಕಠಿಣವೂ ಆಗಿರುವಲ್ಲಿ, ಜನ ಕಿಕ್ಕಿರಿದಿರುವಲ್ಲಿ ಸೊಳ್ಳೆಗೆ ಮನುಷ್ಯನ ವಾಸನೆಯ ಮೇಲೆ ಒಲವು ಹೆಚ್ಚು. ಹೊರಗೆಲ್ಲ ಒಣಗಿದಾಗ ಅದಕ್ಕೆ ಮೊಟ್ಟೆಯಿಡಲು ಸಿಗುವುದು ನಾವು ತುಂಬಿಟ್ಟ ನೀರು. ನೀರಿನ ಪಕ್ಕದಲ್ಲಿ ರಕ್ತವೂ ಸಿಕ್ಕಿತು. ಮುಂದೆ ಗುಲಾಮರನ್ನು ಹೊತ್ತ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಅದು ಅಮೆರಿಕ ಖಂಡ ಸೇರಿ ಹಳದಿ ಜ್ವರ ಹಬ್ಬಿಸಿತು. ಮನುಷ್ಯ ಮನುಷ್ಯನಿಗೆ ಮಾಡಿದ ಪಾಪದ ಜೊತೆಗೆ ಸೊಳ್ಳೆಯೂ ಪಯಣಿಸಿತು.

2006ರಲ್ಲಿ ಕರ್ನಾಟಕದ ಊರೂರುಗಳನ್ನು ಹಾಸಿಗೆ ಹಿಡಿಸಿದ ಚಿಕುನ್‌ಗುನ್ಯಾವನ್ನು ಹರಡಿದ್ದೂ ಈ ಸೊಳ್ಳೆಯೇ. ಇಂಥ ಜ್ವರ ಬಂದಾಗಲೆಲ್ಲ ನಾವು ಬೆರಳು ತೋರಿಸಲು ಒಂದು ಕೇರಿಯನ್ನು, ಒಂದು ಮೊಹಲ್ಲಾವನ್ನು ಹುಡುಕುತ್ತೇವೆ. ‘ಅವರು ಕೊಳಕರು’ ಎಂದು ಹೇಳಿ ನಿರಾಳವಾಗುತ್ತೇವೆ. ಆದರೆ ಈಡಿಸ್ ಮೊಟ್ಟೆಯಿಡುವುದು ಹೆಚ್ಚಾಗಿ ತಿಳಿನೀರಿನಲ್ಲಿ. ಅದಕ್ಕೆ ಬಂಗಲೆಯ ಹೂಕುಂಡದ ತಟ್ಟೆಯೂ ಸಾಕು, ಬಡವರ ಮನೆಯ ಡ್ರಮ್ಮೂ ಸಾಕು. ಹೂಕುಂಡದ ನೀರನ್ನು ಚೆಲ್ಲಿದರೆ ಯಾರಿಗೂ ನಷ್ಟವಿಲ್ಲ. ನಾಲ್ಕು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಕೇರಿಯ ತಾಯಿ ಡ್ರಮ್ಮಿನ ನೀರನ್ನು ಹೇಗೆ ಚೆಲ್ಲಿಯಾಳು? ಅವಳಿಗೆ ಸ್ವಚ್ಛತೆಯ ಉಪದೇಶ ಮಾಡುವ ಮೊದಲು ಡ್ರಮ್ಮಿಗೊಂದು ಬಿಗಿಯಾದ ಮುಚ್ಚಳ, ದಿನವೂ ನೀರು ಬರುವ ನಲ್ಲಿ ಕೊಡಬೇಕಾದವರು ಯಾರೆಂದು ಕೇಳೋಣ.