‘ನಾಟಿ’ ಟೊಮೆಟೊ ಯಾವೂರಿನದು?

ನಮ್ಮ ಚಿತ್ರದುರ್ಗದ ಕಡೆಯ ಸಂತೆಗಳಲ್ಲಿ ಟೊಮೆಟೊ ಎರಡು ಗುಡ್ಡೆಯಾಗಿ ಕೂರುತ್ತದೆ. ಒಂದು ಗುಂಡಗೆ, ತೆಳು ಸಿಪ್ಪೆಯ, ತುಂಬ ರಸವಿರುವ ಹುಳಿ ಹಣ್ಣು, ಅದು ‘ನಾಟಿ’. ಇನ್ನೊಂದು ಮೊಟ್ಟೆಯಾಕಾರದ, ದಪ್ಪ ಸಿಪ್ಪೆಯ, ವಾರವಾದರೂ ಕೆಡದ ಹಣ್ಣು. ಅದು ‘ಫಾರಂ’ ಅಥವಾ ‘ಹೈಬ್ರಿಡ್’. ಸಾರಿಗೆ ನಾಟಿಯೇ ಆಗಬೇಕು ಎನ್ನುವವರು ಈಗಲೂ ಇದ್ದಾರೆ. ಕೃಷಿ ಚರಿತ್ರೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಈ ‘ನಾಟಿ’ ಎಂಬ ಮಾತು ಬಹಳ ದಿನಗಳಿಂದ ಕಾಡುತ್ತಿದೆ. ಏಕೆಂದರೆ ಆ ಎರಡು ಗುಡ್ಡೆಗಳಲ್ಲಿ ಯಾವುದೂ ಈ ನೆಲದ್ದಲ್ಲ.

ಟೊಮೆಟೊದ ಕಾಡು ಮೂಲ ಇರುವುದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಪಶ್ಚಿಮ ಅಂಚಿನಲ್ಲಿ. ಅದು ಊರಿನ ಬೆಳೆಯಾಗಿ ಪಳಗಿದ್ದು ಮೆಕ್ಸಿಕೋದಲ್ಲಿ. ಹೆಸರೂ ಅಲ್ಲಿನ ನಹುವಾಟ್ಲ್ ಭಾಷೆಯ ‘ಟೊಮಾಟ್ಲ್’ನಿಂದ ಬಂದದ್ದು. 1521ರಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಮೇಲೆ ಹಣ್ಣು ಯುರೋಪಿಗೆ ಹೋಯಿತು. ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರು ಎಂಬುದು ಚರಿತ್ರೆಕಾರರ ಸಾಮಾನ್ಯ ಅಭಿಪ್ರಾಯ. ಬಂದರೂ ಅದು ಅಡುಗೆಮನೆಯ ಹೊಸ್ತಿಲು ದಾಟಲು ಬಹಳ ಕಾಲ ಹಿಡಿಯಿತು. 1889ರಿಂದ 1893ರವರೆಗೆ ಸಂಪುಟಗಳಾಗಿ ಬಂದ ಜಾರ್ಜ್ ವ್ಯಾಟ್‌ನ ಭಾರತದ ಆರ್ಥಿಕ ಉತ್ಪನ್ನಗಳ ನಿಘಂಟು, ಈ ಗಿಡವನ್ನು ಇನ್ನೂ ಮುಖ್ಯವಾಗಿ ಯುರೋಪಿಯನ್ನರಿಗಾಗಿ ಬೆಳೆಯುತ್ತಾರೆ, ಇಲ್ಲಿನ ಜನಕ್ಕೆ ಈಗೀಗ ರುಚಿ ಹತ್ತುತ್ತಿದೆ ಎಂಬರ್ಥದಲ್ಲಿ ಬರೆಯುತ್ತದೆ.

ಕನ್ನಡದವರು ಈ ಹೊಸಬನನ್ನು ಹಳೆಯ ನೆಂಟರ ಮೂಲಕ ಗುರುತಿಸಿದರು. ‘ಚಪ್ಪರಬದನೆ’ ಎಂದರು, ‘ಗೂದೆಹಣ್ಣು’ ಎಂದರು. ಬದನೆ ಎಂದು ಕರೆದದ್ದು ಸರಿಯಾಗಿಯೇ ಇತ್ತು; ಬದನೆ, ಮೆಣಸಿನಕಾಯಿ, ಗಣಿಕೆ ಸೊಪ್ಪು, ಟೊಮೆಟೊ ಎಲ್ಲವೂ ಒಂದೇ ಕುಟುಂಬದ ಗಿಡಗಳು. ಆದರೆ ಪೂರ್ತಿ ಮನೆಯವನಾಗಿ ಒಪ್ಪಿಕೊಳ್ಳಲಿಲ್ಲ. ಅದಕ್ಕೆ ಸಾಕ್ಷಿ ಇವತ್ತಿಗೂ ಜೀವಂತವಾಗಿದೆ. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಟೊಮೆಟೊ, ಆಲೂಗಡ್ಡೆ, ಕೋಸು ಸೇರುವುದಿಲ್ಲ. ಸಾರಿಗೆ ಹುಣಸೆಹಣ್ಣೇ ಹುಳಿ. ಪಿತೃಗಳು ತಿಂದು ತಿಳಿಯದ್ದನ್ನು ಅವರ ಎಲೆಗೆ ಬಡಿಸುವಂತಿಲ್ಲ. ಯಾವ ತರಕಾರಿ ತಡವಾಗಿ ಬಂತು ಎಂಬ ಪಟ್ಟಿಯನ್ನು ಆ ಅಡುಗೆ ಹೀಗೆ ಕಾಪಾಡಿಕೊಂಡಿದೆ.

ಹಾಗಾದರೆ ಟೊಮೆಟೊ ನಮ್ಮ ಹಳ್ಳಿಗಳಿಗೆ ಬಂದದ್ದು ಹೇಗೆ? ಕಾಗದಪತ್ರಗಳಲ್ಲಿ ಇದಕ್ಕೆ ಉತ್ತರ ಹುಡುಕುವುದು ಕಷ್ಟ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿತ್ರದುರ್ಗ, ಹಿರಿಯೂರುಗಳನ್ನೂ ಹಾದುಹೋದ. ಅವನ ಕಣ್ಣು ಹೆಚ್ಚಾಗಿ ಹೊಲಗದ್ದೆಯ ಮೇಲೆ: ಏನು ಬಿತ್ತುತ್ತಾರೆ, ಎಷ್ಟು ಬೆಳೆಯುತ್ತಾರೆ, ಸರ್ಕಾರಕ್ಕೆ ಎಷ್ಟು ಸಲ್ಲುತ್ತದೆ. ಆಮೇಲಿನ ಗೆಜೆಟಿಯರುಗಳ ದಾರಿಯೂ ಅದೇ. ಕಂದಾಯ ಕೊಡದ ಹಿತ್ತಿಲು, ಬಚ್ಚಲ ನೀರು ಹರಿಯುವ ಮೂಲೆ, ಅಲ್ಲಿ ಹೆಂಗಸರು ಬೆಳೆಸಿದ ನಾಲ್ಕು ಗಿಡ ಲೆಕ್ಕಕ್ಕೆ ಬರಲಿಲ್ಲ.

ಆದ್ದರಿಂದ ನಾನು ವಯಸ್ಸಾದವರನ್ನು ಕೇಳುತ್ತ ಬಂದೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ನಕ್ಕುಬಿಟ್ಟರು: “ಟಮಟೆ ಹಣ್ಣಿಗೆ ಯಾರವ್ವಾ ಸಸಿ ಮಾಡ್ತಿದ್ರು? ಮುಸುರೆ ಚೆಲ್ಲಿದ ಕಡೆ ತಾನೇ ಹುಟ್ಕೋತಿತ್ತು. ಹಣ್ಣು ರುಚಿಯಾಗಿದ್ರೆ ಬೀಜ ತೆಗೆದು ಬೂದೀಲಿ ತಿಕ್ಕಿ ಇಡ್ತಿದ್ವಿ. ಸಪ್ಪೆ ಇದ್ರೆ ಯಾರು ಇಡ್ತಾರೆ?” ಆ ಕೊನೆಯ ಮಾತು ನನಗೆ ಇಡೀ ಚರಿತ್ರೆಯ ಕೀಲಿಯಂತೆ ಕಂಡಿತು. ಟೊಮೆಟೊ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿಕಟ್ಟುತ್ತದೆ. ಹಾಗಾಗಿ ಹೈಬ್ರಿಡ್ ಅಲ್ಲದ ಹಣ್ಣಿನ ಬೀಜ ತಾಯಿಯಂಥದೇ ಗಿಡ ಕೊಡುತ್ತದೆ. ವರ್ಷ ವರ್ಷವೂ ನಾಲಿಗೆ ಮೆಚ್ಚಿದ ಹಣ್ಣಿನ ಬೀಜವನ್ನಷ್ಟೇ ಉಳಿಸಿದರೆ ಕೆಲವು ದಶಕಗಳಲ್ಲಿ ಪರದೇಶಿ ಗಿಡವೂ ಆ ಊರಿನ ಮಣ್ಣಿಗೆ, ಆ ಊರಿನ ಸಾರಿಗೆ ಹೊಂದಿಕೊಳ್ಳುತ್ತದೆ. ಟೊಮೆಟೊ ‘ನಾಟಿ’ಯಾದದ್ದು ಹೀಗೆ.

ಮುಂದೆ ಆಯ್ಕೆ ಮಾಡುವ ಕೈ ಬದಲಾಯಿತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಆರಂಭವಾಯಿತು. ಹೆಸರಘಟ್ಟದ ಅದರ ತಾಕುಗಳಿಂದ ‘ಅರ್ಕಾ’ ಹೆಸರಿನ ತಳಿಗಳು ಬಂದವು. 1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಬಿಡುಗಡೆ ಮಾಡಿದ ಹೈಬ್ರಿಡ್ ಟೊಮೆಟೊಗೆ ‘ಕರ್ನಾಟಕ’ ಎಂದೇ ಹೆಸರು. ಈ ತಳಿಗಳನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಎಲೆ ಮುದುಡು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ ‘ಅರ್ಕಾ ರಕ್ಷಕ್’ ರೈತರ ಹೊಲ ಉಳಿಸಿದೆ. ಹಿರಿಯೂರಿನ ಹೆದ್ದಾರಿಯಲ್ಲಿ ಕ್ರೇಟುಗಳಲ್ಲಿ ದೂರದ ಪೇಟೆಗೆ ಹೋಗುವ ಹಣ್ಣಿಗೆ ಗಟ್ಟಿ ಸಿಪ್ಪೆ ಬೇಕೇ ಬೇಕು. ನಾಲಿಗೆಯ ಜಾಗದಲ್ಲಿ ಈಗ ಲಾರಿ ಆಯ್ಕೆ ಮಾಡುತ್ತಿತ್ತು.

ಅದರ ಬೆಲೆಯನ್ನು ವಿಜ್ಞಾನ ತಡವಾಗಿ ಲೆಕ್ಕ ಹಾಕಿತು. ಹಳೆಯ ತಳಿಗಳ ಕಾಯಿಗೆ ತೊಟ್ಟಿನ ಸುತ್ತ ಕಡುಹಸಿರು ಪಟ್ಟಿ ಇರುತ್ತದೆ. ಹಣ್ಣು ಒಂದೇ ಬಣ್ಣಕ್ಕೆ ತಿರುಗಲಿ ಎಂದು ಪಾಶ್ಚಾತ್ಯ ತಳಿಗಾರರು ಸುಮಾರು 70 ವರ್ಷ ಆ ಪಟ್ಟಿಯಿಲ್ಲದ ಗಿಡಗಳನ್ನೇ ಆರಿಸಿದರು. ಆ ಹಸಿರು ಕಾಯಿಯೊಳಗೇ ಸಕ್ಕರೆ ಮಾಡುತ್ತಿತ್ತು, ಅದರೊಂದಿಗೆ ಸವಿಯೂ ಹೋಯಿತು ಎಂದು 2012ರಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು ತೋರಿಸಿತು. ಫ್ರಿಜ್ಜಿನ ಚಳಿಯಲ್ಲಿ ವಾರವಿಟ್ಟರೆ ಹಣ್ಣಿನ ಪರಿಮಳ ಕೊಡುವ ಅಂಶಗಳು ಕುಗ್ಗುತ್ತವೆ ಎಂಬುದು 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಮಾತು.

ಹೋದ ರುಚಿಯನ್ನು ಹಿತ್ತಿಲಿಗೆ ಮರಳಿ ಕರೆಯಲು ನಮ್ಮ ಜಿಲ್ಲೆಯ ಬಡತನವೇ ನೆರವಾಗುತ್ತದೆ. 1907ರಲ್ಲಿ ಮುಗಿದ ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಷ್ಟು ನೀರಿನ ಬರವಿರುವ ಸೀಮೆ ಇದು. ಟೊಮೆಟೊಗೆ ಒಂದು ಗುಣವಿದೆ: ಕಾಯಿ ಬಲಿತ ಮೇಲೆ ನೀರು ಕಡಿಮೆ ಮಾಡಿದರೆ ಹಣ್ಣು ಚಿಕ್ಕದಾಗುತ್ತದೆ, ಸಿಹಿಯೂ ಹುಳಿಯೂ ಗಟ್ಟಿಯಾಗುತ್ತವೆ. ತೂಕಕ್ಕೆ ಮಾರುವವನಿಗೆ ಅದು ನಷ್ಟ, ಮನೆಯವರಿಗೆ ಲಾಭ. ಹೊಸದುರ್ಗದ ಕೆಂಪು ಮಣ್ಣಿನ ಹಿತ್ತಿಲುಗಳಲ್ಲಿ ಈಗಲೂ ಹೀಗೆ ಬೆಳೆಯುವವರನ್ನು ಕಂಡಿದ್ದೇನೆ. ಹಗಲು 35 ಡಿಗ್ರಿ ದಾಟಿದರೆ ಹೂ ಉದುರುತ್ತದೆಂದು ಅವರು ಬೇಸಿಗೆ ಬಿಟ್ಟು ಜೂನ್–ಜುಲೈಯಲ್ಲೋ ಸೆಪ್ಟೆಂಬರ್–ಅಕ್ಟೋಬರಿನಲ್ಲೋ ಸಸಿ ಮಾಡುತ್ತಾರೆ. ಸುಮಾರು ನಾಲ್ಕು ವಾರದ ಸಸಿಯನ್ನು ಬಿಸಿಲು ಬೀಳುವ ಕಡೆ ನೆಟ್ಟು, ಕೊಟ್ಟಿಗೆ ಗೊಬ್ಬರ ಹಾಕಿ, ಊರುಗೋಲು ಕೊಡುತ್ತಾರೆ. ಒಂದು ದಿನ ಕೊಡಗಟ್ಟಲೆ ಸುರಿದು ವಾರ ಮರೆತರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ನೀರು ಸ್ವಲ್ಪವಾದರೂ ತಪ್ಪದೆ ಹಾಕಬೇಕು. ಬಣ್ಣ ತಿರುಗುವ ಹೊತ್ತಿಗೆ ಇನ್ನೂ ಕಡಿಮೆ.

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತು. ಬೆಲೆ ಬಿದ್ದಾಗ ರೈತರು ರಸ್ತೆ ಬದಿಗೆ ಸುರಿದುಹೋಗುವುದನ್ನೂ ನೋಡಿದ್ದೇವೆ. ನಾಲ್ಕು ಹಿತ್ತಿಲ ಗಿಡಗಳು ಆ ಸಂಕಟ ಬಗೆಹರಿಸುವುದಿಲ್ಲ. ನನ್ನ ಚಿಂತೆ ಬೀಜದ್ದು. ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಮುಂದಿನ ಗಿಡಗಳು ಒಂದೊಂದು ಒಂದೊಂದು ಥರ. ಪ್ರತಿ ಸಲ ಪೊಟ್ಟಣ ಕೊಳ್ಳಬೇಕು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಆದರೆ ಉಳಿಸುವುದು ಹೇಗೆಂದು ಬಲ್ಲವರು ಎಂಬತ್ತು ದಾಟಿದ್ದಾರೆ. ಅವರು ಹೋದರೆ ಯಾವ ದಫ್ತರದಲ್ಲೂ ಅದರ ನಕಲು ಸಿಗದು.

ಆದ್ದರಿಂದ ಇಲ್ಲಿ ಬರೆದಿಡುತ್ತೇನೆ. ಗಿಡದಲ್ಲೇ ಪೂರ್ತಿ ಹಣ್ಣಾದ, ತಿಂದು ಮೆಚ್ಚಿದ ನಾಟಿ ಹಣ್ಣಿನ ತಿರುಳನ್ನು ಎರಡು ಮೂರು ದಿನ ಹುದುಗಲು ಬಿಡಿ. ಬೀಜದ ಸುತ್ತಲಿನ ಲೋಳೆ ಬಿಟ್ಟ ಮೇಲೆ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಪೊಟ್ಟಣ ಕಟ್ಟಿ. ಮೇಲೆ ಊರಿನ ಹೆಸರು, ವರ್ಷ ಬರೆಯಿರಿ. ಬೀಜ ಕೊಟ್ಟವರ ಹೆಸರನ್ನೂ ಬರೆಯಿರಿ.