ಜೋಳದ ನಾಡಿನಲ್ಲಿ ಚರ್ಮ ಪರೀಕ್ಷೆ: ಪೆಲ್ಲಾಗ್ರಾ ವರ್ಣನೆಯ ಚರಿತ್ರೆ

ಕಾನಹೊಸಹಳ್ಳಿ ಸುತ್ತಲಿನ ಮಸಾರಿ ಹೊಲಗಳಲ್ಲಿ ಬಿಸಿಲಿಗೆ ಮರೆ ಕಡಿಮೆ. ಅಲ್ಲಿ ದುಡಿಯುವವರ ಮುಂಗೈ, ಕುತ್ತಿಗೆ, ಪಾದ ಕರ್ರಗಾದರೆ ಅದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಬರುವ ಪೆಲ್ಲಾಗ್ರಾ ಎದ್ದು ತೋರುವುದೂ ಇವೇ ಜಾಗಗಳಲ್ಲಿ. ಜೋಳದ ರೊಟ್ಟಿಯನ್ನೇ ನೆಚ್ಚಿದ್ದ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ನಿಂತು ಆ ರೋಗದ ವರ್ಣನೆಯನ್ನು ಓದುವುದಕ್ಕೆ ಇದೇ ಕಾರಣ.

ಚರ್ಮರೋಗಗಳನ್ನು ವಿವರಿಸುವ ಹಳೆಯ ಕ್ರಮ ಹೋಲಿಕೆಯದು. ಚರಕ ಸಂಹಿತೆ ಹೇಳುವ ಹದಿನೆಂಟು ಕುಷ್ಠಗಳಲ್ಲಿ ಔದುಂಬರ ಅತ್ತಿಹಣ್ಣನ್ನು, ಪುಂಡರೀಕ ತಾವರೆಯನ್ನು ನೆನಪಿಸುತ್ತವೆ. ಲಂಡನ್ನಿನ ರಾಬರ್ಟ್ ವಿಲ್ಲನ್ 1798ರಿಂದ ಪ್ರಕಟಿಸಿದ ಗ್ರಂಥದಲ್ಲಿ ಬೇರೆ ದಾರಿ ಹಿಡಿದ. ಗಂಟು, ಹೊಟ್ಟು, ನೀರುಗುಳ್ಳೆ, ಕೀವುಗುಳ್ಳೆ, ಮಚ್ಚೆ ಎಂದು ಮೂಲ ಗಾಯದ ಸ್ವರೂಪವನ್ನೇ ಆಧಾರವಾಗಿಟ್ಟುಕೊಂಡು ಎಂಟು ವರ್ಗ ಮಾಡಿದ. ಇಂದಿನ ವೈದ್ಯ ವಿದ್ಯಾರ್ಥಿ ಬರೆಯುವ ವರ್ಣನೆಯ ಬುನಾದಿ ಅದೇ. ಗುಳ್ಳೆ ಏನು ಎಂಬುದಕ್ಕೆ ಅಲ್ಲಿ ಸ್ಪಷ್ಟ ಉತ್ತರವಿದೆ. ದೇಹದ ಯಾವ ಭಾಗದಲ್ಲಿ ಮೂಡಿತು ಎಂಬುದು ಹಿಂದಕ್ಕೆ ಸರಿದಿದೆ.

ವಿಲ್ಲನ್‌ಗಿಂತ ಮೊದಲೇ, 1735ರಲ್ಲಿ, ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದ ವೈದ್ಯ ಗಾಸ್ಪರ್ ಕಸಾಲ್ ಮಾಡಿದ್ದು ಇದಕ್ಕೆ ಹೊರತು. ಪೆಲ್ಲಾಗ್ರಾದಿಂದ ನರಳುತ್ತಿದ್ದ ಬಡ ರೈತರ ಕೈ, ಪಾದಗಳ ಮೇಲ್ಮೈಯ ಒರಟು ಹಕ್ಕಳೆಯನ್ನೂ ಕುತ್ತಿಗೆಯನ್ನು ಸುತ್ತಿದ ಪಟ್ಟಿಯನ್ನೂ ಅವನು ಗುರುತಿಸಿದ. ಅವರ ಮುಖ್ಯ ಆಹಾರ ಮೆಕ್ಕೆಜೋಳ ಎಂಬುದನ್ನೂ ದಾಖಲಿಸಿದ. ಆ ಬರಹ ಅಚ್ಚಾದದ್ದು 1762ರಲ್ಲಿ, ಅವನು ತೀರಿಕೊಂಡ ಮೇಲೆ. ಕುತ್ತಿಗೆಯ ಪಟ್ಟಿಗೆ ಇಂದಿಗೂ 'ಕಸಾಲನ ಹಾರ' ಎಂದೇ ಹೆಸರು. ನನ್ನ ಮಟ್ಟಿಗೆ ಚರ್ಮದ ಜೊತೆಗೆ ತಟ್ಟೆಯನ್ನೂ ನೋಡಿದ್ದೇ ಅವನ ದೊಡ್ಡತನ.

ಆಮೇಲಿನ ಕಥೆ ಗೊತ್ತಿರುವಂಥದ್ದೇ. ಅಮೆರಿಕದಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ 1915ರ ಪ್ರಯೋಗಗಳಿಂದ ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ತೋರಿಸಿದ. 1937ರಲ್ಲಿ ಅಲ್ಲಿಯ ವಿಜ್ಞಾನಿ ಎಲ್ವೆಹೆಮ್ ನಿಕೋಟಿನಿಕ್ ಆಮ್ಲವನ್ನು, ಅಂದರೆ ನಯಾಸಿನ್ ಅನ್ನು, ಮದ್ದೆಂದು ಕಂಡುಕೊಂಡ. ನಮ್ಮ ಜೋಳ ಈ ಚರ್ಚೆಗೆ ಬಂದದ್ದು ಹೈದರಾಬಾದಿನ ಪೋಷಣಾ ಸಂಶೋಧನಾಲಯದಿಂದ. ಅಲ್ಲಿಯ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಮೆಕ್ಕೆಜೋಳ ತಿನ್ನದ, ಬಿಳಿಜೋಳವನ್ನೇ ಉಣ್ಣುವ ದಖ್ಖನ್ನಿನ ಬಡವರಲ್ಲೂ ಪೆಲ್ಲಾಗ್ರಾ ಇದೆಯೆಂದು ಬರೆದು, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಕಡೆಗೆ ಬೆರಳು ಮಾಡಿದರು. ಲ್ಯೂಸಿನ್ ವಾದವನ್ನು ಮುಂದೆ ಹಲವರು ಒಪ್ಪಲಿಲ್ಲ. ರೋಗಿಗಳು ಇದ್ದದ್ದು ಮಾತ್ರ ನಿಜ.  

ಪಠ್ಯಪುಸ್ತಕಗಳು ಈ ರೋಗದ ಮೊದಲ ಲಕ್ಷಣವಾಗಿ ಹೇಳುವ ಕೆಂಪು ಬಣ್ಣವು ಕಪ್ಪು ಮೈಬಣ್ಣದವರಲ್ಲಿ ಸುಲಭವಾಗಿ ಕಾಣದು. ಹಾಗಾಗಿ ಪರೀಕ್ಷೆ ಹಗಲ ಬೆಳಕಿನಲ್ಲೇ ನಡೆಯಬೇಕು, ಕೈಯಿಂದ ಮುಟ್ಟಿ ನೋಡಬೇಕು. ಚರ್ಮ ದಪ್ಪಗಾಗಿ ಸಿಪ್ಪೆ ಏಳುತ್ತಿದೆಯೇ, ಅಂಚು ಗೆರೆ ಕೊರೆದಂತಿದೆಯೇ, ಎಡಬಲ ಎರಡೂ ಕಡೆ ಒಂದೇ ತೆರನಾಗಿದೆಯೇ ಎಂದು ಗಮನಿಸಬೇಕು. ಬರೀ ಬಿಸಿಲುಗಪ್ಪಾದರೆ ಸಿಪ್ಪೆ, ಬಿರುಕು ಸಾಮಾನ್ಯವಾಗಿ ಇರುವುದಿಲ್ಲ. ನಾಲಿಗೆ ಉರಿ, ಭೇದಿ, ಮಂಕು ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ.

ಇಂದು ಪೆಲ್ಲಾಗ್ರಾ ಅಪರೂಪವಾದರೂ ಊಟ ಬಿಟ್ಟು ಕುಡಿಯುವವರಲ್ಲಿ, ಕ್ಷಯಕ್ಕೆ ಐಸೋನಿಯಾಜಿಡ್ ನುಂಗುವ ಕೆಲವರಲ್ಲಿ ಸಿಗುತ್ತದೆ. ಫೋನಿನಲ್ಲಿ ಒಂದೇ ಕೈಯನ್ನು ಹತ್ತಿರದಿಂದ ತೆಗೆದ ಫೋಟೊ ದೂರದ ತಜ್ಞರಿಗೆ ಇಸಬಿನಂತೆ ತೋರಬಹುದು. ಎರಡೂ ಮುಂಗೈ, ಪಾದ, ಗುಂಡಿ ಬಿಚ್ಚಿದ ಕುತ್ತಿಗೆ ಒಟ್ಟಿಗೆ ಕಂಡರೆ ಮಾತ್ರ ಕಸಾಲ್ ಕಂಡ ರೋಗ ಅವರಿಗೂ ಕಾಣುತ್ತದೆ.